ನೆಲಕ್ಕೊಂದು ತೂತು

ಆ ಮನೆಯಲ್ಲಿ ಯಾರೂ ಕಾಲೆತ್ತಿ ನಡೆಯುತ್ತಿರಲಿಲ್ಲ. ಬಾಗಿಲ ಬಳಿ ಒಂದು ಬುಟ್ಟಿ, ಅದರ ತುಂಬ ಉಣ್ಣೆ ಬಟ್ಟೆಯ ತುಂಡುಗಳು. ಒಳಗೆ ಬರುವವರು ಚಪ್ಪಲಿ ಬಿಟ್ಟು, ಎರಡು ತುಂಡು ತೆಗೆದುಕೊಂಡು, ಒಂದೊಂದು ಪಾದದ ಕೆಳಗೆ ಒಂದೊಂದು ಇಟ್ಟು, ಜಾರಿಸುತ್ತ ಜಾರಿಸುತ್ತ ಹೋಗಿ ಕುರ್ಚಿ ಹಿಡಿಯಬೇಕು. ಬಂದವರು ಬಂದ ಹಾಗೂ ಆಯಿತು, ನೆಲ ಒರೆಸಿದ ಹಾಗೂ ಆಯಿತು. ಇದು ಮನೆಯ ಯಜಮಾನನ ಕಾನೂನು. ಆತನನ್ನು ಬೀದಿಯವರೆಲ್ಲ ಪಾಲಿಶ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮರದ ನೆಲಗಳನ್ನು ಉಜ್ಜಿ, ಮೇಣ ಹಚ್ಚಿ, ಮುಖ ಕಾಣುವಂತೆ ಮಾಡುವುದು ಅವನ ಕಸುಬು. ಊರಲ್ಲಿ ಎಷ್ಟೋ ಶಾಲೆಗಳ, ಕಚೇರಿಗಳ, ದೊಡ್ಡವರ ಮನೆಗಳ ನೆಲ ಅವನ ಕೈಯಲ್ಲಿ ಹೊಳೆದಿತ್ತು. ಅವನ ಸ್ವಂತ ನೆಲವೋ, ಕೆಡವಿ ಹಾಕಿದ ಒಂದು ಹಳೆಯ ನೃತ್ಯಶಾಲೆಯಿಂದ ಹಲಗೆಗಳನ್ನು ಒಂದೊಂದಾಗಿ ಹೊತ್ತು ತಂದು, ಎರಡು ವರ್ಷ ಕೂತು ಜೋಡಿಸಿದ್ದು. ಆ ಮನೆಯಲ್ಲಿ ಕುರ್ಚಿಯ ಕಾಲುಗಳಿಗೂ ಕಾಲುಚೀಲ ಇತ್ತು. ಅದನ್ನು ಹೆಂಡತಿ ಕೈಯಲ್ಲಿ ಹೆಣೆಸಿದ್ದ. ಆಕೆ ಹೆಣೆದೂ ಕೊಟ್ಟಿದ್ದಳು, ಪಾಪ.

ಇಂಥ ಮನೆಗೆ ಮಗಳು ಹತ್ತನೇ ವಯಸ್ಸಿನಲ್ಲಿ ಒಂದು ಚೆಲ್ಲೊ ತಂದಳು.

ಶಾಲೆಯ ಸಂಗೀತದ ಕೋಣೆಯಲ್ಲಿ ಒಂದು ಚೆಲ್ಲೊ, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು, ದಿಕ್ಕಿಲ್ಲದೆ ಬಿದ್ದಿತ್ತು. ಸಣ್ಣ ಪಿಟೀಲಿಗೆ ಇಪ್ಪತ್ತು ಮಕ್ಕಳು ಕೈ ಚಾಚಿದ್ದರು, ಈ ದೊಡ್ಡದಕ್ಕೆ ಯಾರೂ ಇಲ್ಲ. ಮೇಸ್ತ್ರಿಯ ಮಗಳು ತರಗತಿಯಲ್ಲೇ ಎತ್ತರ, ಬೆರಳು ಉದ್ದ. ಅಷ್ಟಕ್ಕೇ ವಾದ್ಯ ಅವಳ ಬೆನ್ನಿಗೆ ಬಿತ್ತು. ಅವಳು ಮೂರು ಮಹಡಿ ಹತ್ತಿಸಿ, ಏದುಸಿರು ಬಿಡುತ್ತ, ಬಟ್ಟೆಯ ತುಂಡುಗಳ ಮೇಲೆ ಜಾರಿಕೊಂಡು ಬಂದು ಅದನ್ನು ನಡುಮನೆಯಲ್ಲಿ ನಿಲ್ಲಿಸಿದಳು. ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೆನ್ನಿನ ಮರವನ್ನು ಬೆರಳಲ್ಲಿ ತಟ್ಟಿ, ಮೂಸಿ, ಒಳ್ಳೆ ಮರ ಎಂದ. ಅವಳಿಗೆ ಜೀವ ಬಂದಂತಾಯಿತು. ಆಮೇಲೆ ಅವನ ಕಣ್ಣು ಕೆಳಗಿಳಿಯಿತು.

"ಇದೇನಿದು, ಬುಡದಲ್ಲಿ?"

"ಮೊನೆ ಅಪ್ಪ. ಕಬ್ಬಿಣದ್ದು. ಇದನ್ನ ನೆಲಕ್ಕೆ ಚುಚ್ಚಿಟ್ಟು ನುಡಿಸಬೇಕಂತೆ."

ಮೇಸ್ತ್ರಿ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದ. ಸಂಗೀತ ಬೇಡ ಎನ್ನುವ ಅಪ್ಪ ಅವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳು ತುತ್ತೂರಿ ತಂದಿದ್ದರೂ ಡೋಲು ತಂದಿದ್ದರೂ ಕುಣಿದಾಡುತ್ತಿದ್ದ. ಅವನ ತಕರಾರೆಲ್ಲ ಆ ನಾಲ್ಕು ಬೆರಳುದ್ದದ ಕಬ್ಬಿಣದ ಮೇಲೆ.

"ನುಡಿಸು," ಎಂದ ಕಡೆಗೆ. "ಎಷ್ಟು ಬೇಕಾದ್ರೂ ನುಡಿಸು. ಚುಚ್ಚಬೇಡ."

ಅಲ್ಲಿಂದ ಶುರುವಾಯಿತು ನೋಡಿ ಪಡಿಪಾಟಲು. ಮೊನೆಗೆ ರಬ್ಬರಿನ ಟೋಪಿ ಹಾಕಿದರು. ಟೋಪಿ ಸಮೇತ ಚೆಲ್ಲೊ ಗೋಡೆ ಕಡೆಗೆ ಹೊರಟಿತು. ಚಾಪೆ ಹಾಸಿದರು, ಚಾಪೆಯೂ ಅದರ ಜೊತೆಗೇ ಹೊರಟಿತು. ಅಪ್ಪನ ಹಳೆಯ ಚಪ್ಪಲಿಯೊಳಗೆ ಮೊನೆ ಇಟ್ಟರು. ಚಪ್ಪಲಿ ಸೋಫಾದ ಅಡಿಗೆ ಹೋಗಿ ಸೇರಿತು, ಹುಡುಗಿ ಕುರ್ಚಿಯಲ್ಲಿ ಕಮಾನು ಹಿಡಿದುಕೊಂಡು ಪೆಚ್ಚಾಗಿ ಕೂತಿದ್ದಳು. ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಎಡಗಾಲನ್ನು ಮುಂದೆ ಚಾಚಿ ಪಾದವನ್ನು ಮೊನೆಗೆ ಅಡ್ಡ ಕೊಡುವುದು. ಎರಡು ಮಂಡಿಗಳಿಂದ ವಾದ್ಯದ ಪಕ್ಕೆಗಳನ್ನು ಬಿಗಿಯಾಗಿ ಅಮುಕುವುದು. ಓಡಿಹೋಗುವ ಕರುವನ್ನು ಹಿಡಿದ ಹಾಗೆ ಹಿಡಿದುಕೊಂಡೇ ನುಡಿಸುವುದು. ಹೀಗೆ ಒಂಬತ್ತು ವರ್ಷ ನುಡಿಸಿದಳು. ನೆಲದ ಮೇಲೆ ಒಂದು ಗೀರು ಬೀಳಲಿಲ್ಲ. ಮೇಸ್ತ್ರಿ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ.

ಕೆಳಗಿನ ಮನೆಯಲ್ಲಿ ವಾಚ್ ರಿಪೇರಿ ತಾತ ಇದ್ದರು. ಊಟವಾದ ಮೇಲೆ ನಿದ್ದೆ, ನಿದ್ದೆಯಾದ ಮೇಲೆ ಇನ್ನೊಂದು ಸಣ್ಣ ನಿದ್ದೆ. ಯಾರ ಮನೆಯ ಕುಕ್ಕರ್ ಕೂಗಿದರೂ ಪೊರಕೆಯ ಕೋಲಿನಿಂದ ಸೂರು ಕುಟ್ಟುವ ಮನುಷ್ಯ. ಅಂಥವರು ಈ ಹುಡುಗಿಯನ್ನು ಮೆಟ್ಟಿಲಲ್ಲಿ ಕಂಡಾಗಲೆಲ್ಲ, "ನಿನ್ನ ವಾದ್ಯ ಬಹಳ ಸಭ್ಯ ವಾದ್ಯ ಕಣಮ್ಮ, ಇದೆ ಅಂತಾನೇ ಗೊತ್ತಾಗಲ್ಲ," ಎಂದು ಹೊಗಳುತ್ತಿದ್ದರು. ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಅದು ಹೊಗಳಿಕೆಯಲ್ಲ ಎಂದು ಹೇಳಿದವರು ಅವಳ ಚೆಲ್ಲೊ ಟೀಚರು. ಮೂವತ್ತು ವರ್ಷ ದೊಡ್ಡ ವಾದ್ಯವೃಂದದಲ್ಲಿ ಕೂತು ನುಡಿಸಿ ನಿವೃತ್ತರಾಗಿದ್ದ ಹೆಂಗಸು. ಬೆನ್ನು ಬಾಗಿತ್ತು, ನಾಲಿಗೆ ನೆಟ್ಟಗಿತ್ತು. ಅವರ ಕೋಣೆಯಲ್ಲಿ ದಪ್ಪ ಜಮಖಾನೆ. ಅಲ್ಲಿ ಮೊನೆ ಜಾರುವ ಮಾತೇ ಇಲ್ಲ. ಆದರೂ ಹುಡುಗಿಯ ಮಂಡಿ ಬಿಗಿಯುತ್ತಿತ್ತು, ಎಡಗಾಲು ತಾನಾಗಿ ಮುಂದೆ ಹೋಗುತ್ತಿತ್ತು. ಒಂಬತ್ತು ವರ್ಷದ ಅಭ್ಯಾಸ, ಜಮಖಾನೆ ನೋಡಿದರೆ ಬಿಡುತ್ತದೆಯೇ?

"ನಿನ್ನ ಸ್ವರದಲ್ಲಿ ತಪ್ಪಿಲ್ಲ," ಎನ್ನುತ್ತಿದ್ದರು ಟೀಚರು. "ತಾಳದಲ್ಲಿ ತಪ್ಪಿಲ್ಲ. ಆದರೆ ಈ ದಪ್ಪ ತಂತಿ ಇದೆಯಲ್ಲ, ಎಲ್ಲಕ್ಕಿಂತ ಕೆಳಗಿನ ಸ್ವರದ್ದು, ಅದು ಯಾಕೆ ಹಲ್ಲು ಕಚ್ಚಿಕೊಂಡು ಮಾತಾಡತ್ತೆ? ಕೆಳಗಿನ ಮನೆಯವರು ಬೈತಾರಾ?"

"ಇಲ್ಲ ಮಿಸ್. ತುಂಬಾ ಒಳ್ಳೆಯವರು."

"ಒಳ್ಳೆಯವರಲ್ಲ ಕಣೇ. ಅವರಿಗೆ ಕೇಳಿಸ್ತಾನೇ ಇಲ್ಲ. ಕೆಳಗಿನ ಮನೆಯವರು ಬೈಯದೇ ಇರೋ ಚೆಲ್ಲೊನ ನಾನು ಜನ್ಮದಲ್ಲಿ ಕಂಡಿಲ್ಲ."

ಹುಡುಗಿಗೆ ಹತ್ತೊಂಬತ್ತಾಯಿತು. ಊರಿನ ವಾದ್ಯವೃಂದಕ್ಕೆ ಸೇರಿದ ತರಬೇತಿ ಶಾಲೆಯೊಂದಿತ್ತು. ಅಲ್ಲಿ ಎರಡು ವರ್ಷ ಕಲಿತರೆ ವೃಂದದಲ್ಲೇ ಕುರ್ಚಿ. ಚೆಲ್ಲೊಗೆ ವರ್ಷಕ್ಕೆ ಒಂದೇ ಜಾಗ. ಹಿಂದಿನ ವರ್ಷ ಅವಳು ಹೋಗಿ ನುಡಿಸಿದ್ದಳು, ಸಿಕ್ಕಿರಲಿಲ್ಲ. ಪರೀಕ್ಷಕರು ಕೊಟ್ಟ ಚೀಟಿಯಲ್ಲಿ ಎರಡೇ ಸಾಲು: 'ಸ್ವರ ಶುದ್ಧ. ಧ್ವನಿ ಬಿಗಿ.' ಆ ಚೀಟಿಯನ್ನು ಅಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಮೊದಲ ಸಾಲು ಒಳ್ಳೆಯದಿತ್ತಲ್ಲ, ಅದಕ್ಕೆ. ಇಪ್ಪತ್ತು ತುಂಬಿದವರು ಆ ಶಾಲೆಗೆ ಅರ್ಜಿ ಹಾಕುವ ಹಾಗಿಲ್ಲ. ಹುಡುಗಿಗೆ ಇಪ್ಪತ್ತು ತುಂಬಲು ಎರಡು ತಿಂಗಳಿತ್ತು. ಈ ಸಲ ತಪ್ಪಿದರೆ ಮುಗಿಯಿತು, ಯಾವುದಾದರೂ ಅಂಗಡಿಯಲ್ಲಿ ಬಿಲ್ಲು ಬರೆಯಬೇಕು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಪರೀಕ್ಷೆಯ ದಿನ ಚೆಲ್ಲೊ ಹೊತ್ತವನು ಅಪ್ಪ. ಒಂದು ಹೆಗಲಿಗೆ ಅದು, ಇನ್ನೊಂದು ಹೆಗಲಿಗೆ ಅವನ ಹತಾರದ ಚೀಲ. ಹಲ್ಲುಜ್ಜುವುದನ್ನು ಮರೆತರೂ ಚೀಲ ಮರೆಯುವ ಆಸಾಮಿ ಅವನಲ್ಲ. ದಾರಿಯುದ್ದಕ್ಕೂ ಒಳಗೊಳಗೇ ನಗುತ್ತಿದ್ದ. ಏನೋ ಬಚ್ಚಿಟ್ಟುಕೊಂಡಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಏನು ಎಂದು ಕೇಳುವಷ್ಟು ತ್ರಾಣ ಇರಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಹೊಸ ಬೋರ್ಡು: 'ಪಾದರಕ್ಷೆಗಳನ್ನು ಹೊರಗೆ ಬಿಡಿ.' ಏಳು ಜನ ಅಭ್ಯರ್ಥಿಗಳು, ಏಳು ನಂಬರು. ಇವಳದು ಐದು. ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡಿದ್ದ ಸಭಾಂಗಣದ ಮೇಲ್ವಿಚಾರಕ ನಿಯಮ ಓದಿದ. ಪರೀಕ್ಷಕರು ಪರದೆಯ ಹಿಂದೆ ಇರುತ್ತಾರೆ. ಯಾರು ನುಡಿಸುತ್ತಿದ್ದಾರೆ, ಗಂಡೋ ಹೆಣ್ಣೋ, ಅವರಿಗೆ ತಿಳಿಯಬಾರದು. ವೇದಿಕೆಯ ಮೇಲೆ ಒಂದು ಮಾತು ಆಡಿದರೂ ಹೊರಗೆ. ಕೆಮ್ಮಿದರೆ ಪರವಾಗಿಲ್ಲ.

ಹೊರಗಿನ ಮೊಗಸಾಲೆಯಿಂದ ಸಭಾಂಗಣಕ್ಕೆ ಹೋಗುವ ಬಾಗಿಲಲ್ಲಿ ಅಂಗೈಯಗಲದ ಗಾಜಿತ್ತು. ಹುಡುಗಿ ಅದಕ್ಕೆ ಕಣ್ಣು ಹಚ್ಚಿ ನಿಂತಳು.

ಒಂದನೇ ನಂಬರಿನವನು ಅಡಿಯಿಂದ ಮುಡಿವರೆಗೆ ಕಪ್ಪು ಬಟ್ಟೆ ತೊಟ್ಟ ಗಂಭೀರ ಮನುಷ್ಯ. ಮೊನೆಯ ಕೆಳಗೆ ರಬ್ಬರ್ ಬಿಲ್ಲೆ ಇಟ್ಟುಕೊಂಡು ಚೆನ್ನಾಗಿಯೇ ಶುರು ಮಾಡಿದ. ಪರೀಕ್ಷೆಗೆ ಎಲ್ಲರೂ ನುಡಿಸಬೇಕೆಂದು ಗೊತ್ತುಮಾಡಿದ್ದ ಒಂದೇ ಪಾಠದಲ್ಲಿ ಮೇಲಿನ ಸ್ವರದಿಂದ ಒಮ್ಮೆಲೇ ದಪ್ಪ ತಂತಿಗೆ ಧುಮುಕುವ ಒಂದು ಸಾಲಿತ್ತು. ಅವನು ಧುಮುಕಿದ. ಚೆಲ್ಲೊ ಅವನನ್ನು ಬಿಟ್ಟು ಹೊರಟಿತು. ಕುತ್ತಿಗೆ ಹಿಡಿದು ಎಳೆದುಕೊಂಡು ಮತ್ತೆ ಧುಮುಕಿದ, ಮತ್ತೆ ಹೊರಟಿತು. ಮೂರನೆಯ ಸಲ ಪರದೆಯ ಹಿಂದಿನಿಂದ ಗಂಟೆ ಬಾರಿಸಿತು. ಸಾಕು ಎಂದರ್ಥ.

ಎರಡನೆಯವಳು ಜಡೆಯ ಹುಡುಗಿ, ಜಾಣೆ. ಚರ್ಮದ ಪಟ್ಟಿಯೊಂದನ್ನು ತಂದು, ಒಂದು ತುದಿಯನ್ನು ಕುರ್ಚಿಯ ಕಾಲಿಗೆ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಮೊನೆ ಊರಿದ್ದಳು. ಚೆಲ್ಲೊ ಅಲುಗಲಿಲ್ಲ, ನಿಜ. ಆದರೆ ಆ ಸಾಲು ಬಂದಾಗ ಕಾಲುಚೀಲದ ಪಾದಗಳನ್ನು ಒತ್ತಿದಳು ನೋಡಿ, ಕುರ್ಚಿ, ಪಟ್ಟಿ, ಚೆಲ್ಲೊ, ಜಡೆ ಎಲ್ಲವೂ ಒಟ್ಟಿಗೆ ಹಿಂದಕ್ಕೆ ಜಾರಿ ಪಕ್ಕದ ತೆರೆಯೊಳಗೆ ಮಾಯವಾದವು. ಹೊರಗೆ ಕಮಾನಿನ ತುದಿ ಮಾತ್ರ ಕಾಣುತ್ತಿತ್ತು. ಪಾಪ, ಅಲ್ಲಿಂದಲೇ ಎರಡು ಸಾಲು ನುಡಿಸಿದಳು. ಗಂಟೆ ಬಾರಿಸಿತು.

ಹುಡುಗಿ ಗಾಜಿನಿಂದ ತಿರುಗಿದಳು. ಅಪ್ಪ ಹಿಂದೆಯೇ ನಿಂತಿದ್ದ, ಮುಖ ಊರಗಲ.

"ಹೇಗಿದೆ?"

"ಏನು?"

"ನೆಲ."

ಅವಳು ಗಾಜಿನ ಕಡೆಗೊಮ್ಮೆ, ಅಪ್ಪನ ಕಡೆಗೊಮ್ಮೆ ನೋಡಿದಳು.

"ಅಪ್ಪ, ನೀನಾ?"

"ಮತ್ತಿನ್ಯಾರು? ನಿನಗೆ ಇವತ್ತು ಹೇಳೋಣ ಅಂತ ಇಟ್ಟಿದ್ದೆ. ನನ್ನ ಮಗಳು ನುಡಿಸೋ ಜಾಗ ಅಂತ ಮೂರು ಸಲ ಮೇಣ ಹಚ್ಚಿದೀನಿ. ಬೇರೆ ಕಡೆ ಎರಡೇ ಸಲ. ಎಂಥಾ ಗತಿ ಬಂದಿತ್ತು ಅಂತೀಯ ಆ ವೇದಿಕೆಗೆ. ಮಧ್ಯದಲ್ಲಿ ಒಂದು ಕಡೆ ಬರೀ ತೂತು. ಯಾವನೋ ಕೂತ್ಕೊಂಡು ಮೊಳೆ ಹೊಡೆದ ಹಾಗೆ. ಎಣಿಸಿದೆ, ನೂರಾ ಹದಿನಾಲ್ಕು. ಒಂದೊಂದನ್ನೂ ಮರದ ಹುಡಿ, ಅಂಟು ಹಾಕಿ ಮುಚ್ಚಿ, ತಿಕ್ಕಿ, ಈಗ ಎಲ್ಲಿತ್ತು ಅಂತ ಹೇಳು ನೋಡೋಣ."

ಎಲ್ಲಿತ್ತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ಅವುಗಳಲ್ಲೇ ಒಂದರಲ್ಲಿ ಅವಳ ಮೊನೆಯೂ ನಿಂತಿತ್ತು. ಈ ಊರಿನ ಚೆಲ್ಲೊ ನುಡಿಸುವವರೆಲ್ಲ ತಲೆತಲಾಂತರದಿಂದ ಮಾಡಿಟ್ಟ ಆಸ್ತಿ ಅದು. ಅಪ್ಪ ಒಂದೇ ವಾರದಲ್ಲಿ ಅದರ ಸಮಾಧಿ ಮಾಡಿದ್ದ.

ಅವಳು ಮೆಲ್ಲಗೆ, ಪಿಸುಮಾತಿನಲ್ಲಿ, ಎಲ್ಲ ಹೇಳಿದಳು. ಅಪ್ಪನ ಮುಖ ನಿಧಾನವಾಗಿ ಸಣ್ಣದಾಯಿತು. ಬಾಗಿಲಿನ ಗಾಜಿಗೆ ಅವನೂ ಕಣ್ಣು ಹಚ್ಚಿದ. ಮೂರನೇ ನಂಬರಿನವರು ಚೆಲ್ಲೊ ಬಿದ್ದೀತು ಎಂಬ ಹೆದರಿಕೆಯಲ್ಲಿ ಎಷ್ಟು ನಿಧಾನ ನುಡಿಸುತ್ತಿದ್ದರೆಂದರೆ, ಆ ಸಾಲು ಬರುವ ಮೊದಲೇ ಸಮಯ ಮುಗಿಯಿತು. ನಾಲ್ಕನೆಯವರ ಚೆಲ್ಲೊ ಮೊದಲನೇ ಸಾಲಿನಲ್ಲೇ ಕೈಕೊಟ್ಟಿತು.

"ಹಾಗಾದ್ರೆ," ಎಂದ ಅಪ್ಪ, ಗಾಜಿನಿಂದ ಮುಖ ತೆಗೆಯದೆ, "ನಿನಗೆ ಜಾರಲ್ಲ."

ಅದೇ ಮಾತು ಅವಳ ತಲೆಯಲ್ಲೂ ಆಗಲೇ ಬಂದು ಕೂತಿತ್ತು. ಇಡೀ ಊರಿನಲ್ಲಿ ಅಪ್ಪನ ನೆಲದ ಮೇಲೆ ಚೆಲ್ಲೊ ನುಡಿಸಲು ಬರುವವಳು ಅವಳೊಬ್ಬಳೇ. ಒಂಬತ್ತು ವರ್ಷ ಅವಳು ಮಾಡಿದ್ದೇ ಅದು. ಮಂಡಿ ಬಿಗಿದು, ಕಾಲು ಅಡ್ಡ ಕೊಟ್ಟು, ಒಂದೇ ಒಂದು ಕಡೆ ನಿಲ್ಲದೆ ಕೊನೆಯವರೆಗೆ ನುಡಿಸಿದರೆ ಸಾಕು, ಜಾಗ ಅವಳದು. ಅವಳಿಗೆ ಖುಷಿಯಾಯಿತು. ಒಳ್ಳೆಯ ಖುಷಿಯಲ್ಲ ಅದು, ಅವಳಿಗೂ ಗೊತ್ತಿತ್ತು, ಆದರೂ ಆಯಿತು.

ಅಷ್ಟರಲ್ಲಿ ಜಡೆಯ ಹುಡುಗಿ ಮೊಗಸಾಲೆಯ ಬೆಂಚಿನ ಮೇಲೆ ಚೆಲ್ಲೊ ಪೆಟ್ಟಿಗೆಯ ಗುಂಡಿ ಹಾಕುತ್ತ, ಮೂಗು ಒರೆಸಿಕೊಳ್ಳುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಎಂಟು ತಿಂಗಳು ಇದೇ ಪಾಠ ನುಡಿಸಿದೀನಿ. ಯಾವ ಪುಣ್ಯಾತ್ಮ ಆ ನೆಲಕ್ಕೆ ಎಣ್ಣೆ ಹಚ್ಚಿದ್ನೋ."

"ಎಣ್ಣೆ ಅಲ್ಲಮ್ಮ," ಎಂದುಬಿಟ್ಟ ಮೇಸ್ತ್ರಿ. "ಮೇಣ."

ಮಗಳು ಅವನ ತೋಳು ಹಿಡಿದು ಗೋಡೆಯ ಕಡೆಗೆ ಎಳೆದಳು.

"ಅಪ್ಪ, ಸುಮ್ಮನಿರು. ಈಗ ನನ್ನ ಸರದಿ. ಅದು ಮುಗೀಲಿ, ಆಮೇಲೆ ಯಾರಿಗೆ ಬೇಕಾದ್ರೂ ಹೇಳು."

"ಆಮೇಲೆ ಹೇಳಿ ಏನು ಪ್ರಯೋಜನ?"

"ಇದೇ ಕೊನೇ ಸಲ ಅಪ್ಪ. ಮುಂದಿನ ವರ್ಷ ನನ್ನ ಬಾಗಿಲೊಳಗೂ ಬಿಡಲ್ಲ. ನಿನ್ನ ದಮ್ಮಯ್ಯ."

ಅವಳ ಕಣ್ಣು ತುಂಬಿತ್ತು. ಮೇಸ್ತ್ರಿ ಅವಳನ್ನು ನೋಡಿದ, ಬೆಂಚಿನ ಮೇಲಿನ ಜಡೆಯನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಇನ್ನೂ ಉಗುರಿನ ಸಂದಿಯಲ್ಲಿ ಮೇಣವಿತ್ತು.

"ಜನ ಬೀಳೋ ಹಾಗೆ ನಾನು ಯಾವತ್ತಾದ್ರೂ ನೆಲ ಮಾಡಿದೀನಾ ಮಗಳೇ?" ಎಂದ. ಚೀಲ ಹೆಗಲಿಗೆ ಹಾಕಿಕೊಂಡು, ಮೇಲ್ವಿಚಾರಕ 'ಐದು' ಎಂದು ಕರೆಯಲು ಬಾಯಿ ತೆರೆದಿದ್ದಾಗಲೇ, ಅವನ ಪಕ್ಕದಿಂದ ನುಸುಳಿ ವೇದಿಕೆ ಹತ್ತಿಬಿಟ್ಟ.

ಹುಡುಗಿ ಅರ್ಧ ತೆರೆದ ಬಾಗಿಲಲ್ಲಿ ಕಂಬದಂತೆ ನಿಂತಳು. ಕೋಪ ಬಂತು. ಯಾರ ಅಪ್ಪಂದಿರು ಹೀಗೆ ಮಾಡುತ್ತಾರೆ ಎನ್ನಿಸಿತು.

ಪರದೆಯ ಹಿಂದಿನಿಂದ ದಪ್ಪ ಗಂಟಲಿನ ಪರೀಕ್ಷಕರು ಕೇಳಿದರು: "ಐದನೇ ನಂಬರಾ? ಶುರು ಮಾಡಬಹುದು."

"ನಾನು ನಂಬರಲ್ಲ ಸಾರ್. ನೆಲದವನು."

"ಯಾರು?"

"ನೆಲ ಸಾರ್, ನೆಲ. ಪಾಲಿಶ್ ಮಾಡಿದವನು. ಈ ಮಕ್ಕಳ್ಯಾರಿಗೂ ನುಡಿಸೋಕೆ ಬರಲ್ಲ ಅಂತ ಬರ್ಕೊಂಡಿದ್ರೆ ಅಳಿಸಿಬಿಡಿ. ಎಲ್ಲರಿಗೂ ಬರತ್ತೆ. ನಾನೇ ಜಾರಿಸಿದ್ದು."

ಪರದೆಯ ಹಿಂದೆ ಗುಸುಗುಸು. ಆಮೇಲೆ ಒಂದು ಹೆಂಗಸಿನ ದನಿ: "ನಾಲ್ಕೂ ಜನ ಒಂದಲ್ಲ ಒಂದು ಕಡೆ ಎಡವಿದರು. ಕೆಟ್ಟ ಪಾಠ ಹೇಳಿಕೊಡುವ ಯಾರೋ ಒಬ್ಬರ ಹತ್ತಿರವೇ ಎಲ್ಲರೂ ಕಲಿತಿದ್ದಾರೆ ಅಂದುಕೊಂಡೆವು."

"ಹಾಗೇನಿಲ್ಲಮ್ಮ. ಈ ಚೆಲ್ಲೊಗೆ ಊರೋಕೆ ತೂತು ಬೇಕಂತೆ. ನಾನು ಎಲ್ಲ ಮುಚ್ಚಿಬಿಟ್ಟೆ. ನೀವು ಹ್ಞೂ ಅಂದ್ರೆ ಒಂದು ತೂತು ಕೊರೆದುಕೊಡ್ತೀನಿ. ಐದು ನಿಮಿಷ."

ಮೇಲ್ವಿಚಾರಕನ ಬೀಗದ ಕೈಗಳು ಗಲಗಲ ಎಂದವು. "ಏಯ್, ನಿನ್ನೆ ನೀನೇ ಅಲ್ವೇನಯ್ಯಾ ಚಪ್ಪಲಿ ಬಿಟ್ಟು ಬನ್ನಿ ಅಂತ ಬೋರ್ಡ್ ಹಾಕಿಸಿದ್ದು? ನಾನು ಕಾಲುಚೀಲದಲ್ಲಿ ಬಂದ್ರೂ ದುರುಗುಟ್ಟಿ ನೋಡಿದ್ದು?"

"ಹೌದು. ನಾನೇ," ಎಂದ ಮೇಸ್ತ್ರಿ. ಚೀಲದಿಂದ ಕೈಯಲ್ಲಿ ತಿರುಗಿಸುವ ಬೈರಿಗೆ ತೆಗೆದ.

ಪರದೆಯ ಹಿಂದಿನಿಂದ ಒಪ್ಪಿಗೆ ಬಂತು. ಮೇಸ್ತ್ರಿ ಮಂಡಿಯೂರಿದ. ಕುರ್ಚಿಯ ಮುಂಗಾಲಿನಿಂದ ಅಳತೆ ಪಟ್ಟಿ ಹಿಡಿಯಲಿಲ್ಲ, ಯಾರನ್ನೂ ಕೇಳಲಿಲ್ಲ. ಎರಡು ಗೇಣು, ನಾಲ್ಕು ಬೆರಳು ಎಂದು ಕೈಯಲ್ಲೇ ಅಳೆದು ಪೆನ್ಸಿಲ್ಲಿನ ಚುಕ್ಕೆ ಇಟ್ಟ. ಒಂಬತ್ತು ವರ್ಷ ಆ ಮೊನೆ ತನ್ನ ನೆಲವನ್ನು ಮುಟ್ಟೀತೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದವನಿಗೆ ಅದು ಎಲ್ಲಿ ಬರುತ್ತದೆ ಎಂದು ಗೊತ್ತಿರದೇ? ಬೈರಿಗೆ ಇಡುವ ಮೊದಲು ಆ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದ. ಆಮೇಲೆ ತಿರುಗಿಸಿದ. ಹೊಳೆಯುವ ಮೇಣದ ಮೇಲೆ ಮರದ ಸುರುಳಿ ಎದ್ದು ಬಂತು. ಅವನು ಅದನ್ನು ಊದಿ, ತನ್ನ ಕರ್ಚೀಫಿನಿಂದ ತೂತಿನ ಬಾಯಿ ಒರೆಸಿದ. ಹಲ್ಲು ಕೀಳಿಸಿಕೊಂಡು ಬಂದವನ ಹಾಗೆ ದವಡೆ ಹಿಡಿದುಕೊಂಡು ಕೆಳಗಿಳಿದ.

"ಒಂದರಿಂದ ಮತ್ತೆ ಎಲ್ಲರೂ," ಎಂದಿತು ಪರದೆ.

ಹುಡುಗಿ ಮೊಗಸಾಲೆಯ ಆ ತುದಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅಪ್ಪ ಈ ತುದಿಯಲ್ಲಿ ಕೂತ. ನಡುವೆ ಎಂಟು ಕುರ್ಚಿ ಖಾಲಿ ಇದ್ದವು. ಕಪ್ಪು ಬಟ್ಟೆಯವನು ಹೋಗಿ ನುಡಿಸಿದ, ಚೆನ್ನಾಗಿತ್ತು. ಜಡೆಯ ಹುಡುಗಿ ಹೋಗಿ ನುಡಿಸಿದಳು. ಎಂಟು ತಿಂಗಳ ಕೆಲಸ ಸುಳ್ಳಲ್ಲ. ಮುಗಿಯಿತು, ಅಂಗಡಿಯ ಬಿಲ್ಲೇ ಗತಿ ಎಂದುಕೊಂಡಳು ಮೇಸ್ತ್ರಿಯ ಮಗಳು. ಅಪ್ಪನ ಮೇಲೆ ಇನ್ನೆಂದೂ ಮಾತಾಡಬಾರದು ಎನ್ನುವಷ್ಟು ಸಿಟ್ಟು ಬಂತು. ತನ್ನ ಸರದಿ ಬಂದು ಹೋಗುವಾಗ ಅವನ ಮುಂದಿನಿಂದಲೇ ಹೋದಳು, ತಿರುಗಿ ನೋಡಲಿಲ್ಲ.

ವೇದಿಕೆಯ ಮೇಲೆ ಎಲ್ಲರೂ ಮೊಟ್ಟೆಯ ಮೇಲೆ ನಡೆದ ಹಾಗೆ ನಡೆದಿದ್ದರು. ಅವಳು ಮನೆಯಲ್ಲಿ ನಡೆಯುವಂತೆಯೇ ಕಾಲೆತ್ತದೆ ಜಾರಿಸುತ್ತ ಹೋಗಿ ಕೂತಳು. ಮೇಲ್ವಿಚಾರಕ ಬಾಯಿ ಬಿಟ್ಟು ನೋಡಿದ. ಅವಳು ಚೆಲ್ಲೊ ಹತ್ತಿರಕ್ಕೆ ಎಳೆದುಕೊಂಡು ಮೊನೆಯನ್ನು ತೂತಿಗೆ ಇಳಿಸಿದಳು. ಟಕ್ ಎಂದು ಕೂತಿತು. ಕುರ್ಚಿ ಕೂಡ ಸರಿಸಬೇಕಾಗಿ ಬರಲಿಲ್ಲ. ಹೋದ ವರ್ಷ ಯಾರದೋ ಅಳತೆಯ ತೂತಿಗೆ ಮೊನೆ ಊರಿ, ಮಂಡಿ ಬಿಗಿದೇ ನುಡಿಸಿದ್ದಳು; ಇದು ಅವಳದೇ ಅಳತೆ.

ಎಡಗಾಲು ತಾನಾಗಿಯೇ ಮುಂದೆ ಹೋಯಿತು. ಮೊನೆಯನ್ನು ಮುಟ್ಟಿ ನೋಡಿತು. ಅಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಒತ್ತಿ ನೋಡಿದಳು, ಚೆಲ್ಲೊ ಅಲುಗಲಿಲ್ಲ. ಅವಳು ಮೆಲ್ಲಗೆ ಕಾಲು ಹಿಂದೆ ತೆಗೆದಳು. ಆಮೇಲೆ, ಹೆದರುತ್ತ ಹೆದರುತ್ತ, ಒಂದು ಮಂಡಿ ಸಡಿಲ ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು. ಅದು ನಿಂತೇ ಇತ್ತು. ಯಾರೂ ಹಿಡಿಯದೆ ನಿಂತಿತ್ತು.

ಪಾಠ ದಪ್ಪ ತಂತಿಯಿಂದಲೇ ಶುರು. ಅವಳು ಕಮಾನು ಎಳೆದಳು, ಎಳೆದವಳೇ ಬೆಚ್ಚಿದಳು. ಇಷ್ಟು ದೊಡ್ಡ ದನಿ ಎಲ್ಲಿಂದ ಬಂತು ಎಂದು ಪಕ್ಕಕ್ಕೆ ತಿರುಗಿ ನೋಡುವ ಹಾಗಾಯಿತು. ಪಕ್ಕೆ ಅಮುಕದೆ ಬಿಟ್ಟ ಮರ ಬಾಯಿ ತೆರೆದಿತ್ತು. ದನಿ ಮೊನೆಯಿಂದ ಇಳಿದು, ಹಲಗೆಗಳಲ್ಲಿ ಹರಡಿ, ಇಡೀ ವೇದಿಕೆಯೇ ಅವಳ ಜೊತೆ ಗುಂಯ್ಗುಟ್ಟುತ್ತಿತ್ತು. ಪರದೆಯ ಹಿಂದೆ ಅಷ್ಟು ಹೊತ್ತೂ ಟಕಟಕ ಎನ್ನುತ್ತಿದ್ದ ಪೆನ್ಸಿಲು ನಿಂತಿತು. ಆ ಗಾಬರಿಯಲ್ಲಿ ಧುಮುಕುವ ಸಾಲಿನಲ್ಲಿ ಒಂದು ಸ್ವರ ತಪ್ಪಿದಳು. ಒಂಬತ್ತು ವರ್ಷದಲ್ಲಿ ತಪ್ಪದಿದ್ದದ್ದು. ತಪ್ಪಿದ್ದಕ್ಕೆ ಅಳು ಬರಬೇಕಿತ್ತು, ಆದರೆ ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಮುಂದಿನ ದಪ್ಪ ಸ್ವರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದಳು.

ನಾಲ್ಕು ಗಂಟೆಗೆ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದರು. ಅದರ ಮೇಲೆ ಒಂದೇ ಅಂಕೆ: ಐದು. ಹುಡುಗಿ ಅದನ್ನು ನೋಡಿ, ತನ್ನ ಚೀಟಿಯ ನಂಬರು ನೋಡಿ, ಮತ್ತೆ ಬಾಗಿಲು ನೋಡಿದಳು. ಜಡೆಯ ಹುಡುಗಿ ಬಂದು ಅವಳ ಕೈ ಹಿಡಿದು, "ನಿನ್ನ ಕೆಳಗಿನ ಸ್ವರ ಕೇಳಿ ನಾನು ಪೆಟ್ಟಿಗೆ ಕಟ್ಟೋಕೆ ಶುರು ಮಾಡಿದೆ," ಎಂದಳು. ಅವಳಿಗೆ ಹದಿನೇಳು, ಮುಂದಿನ ವರ್ಷ ಬರುತ್ತೇನೆ, ಆ ತೂತು ಮುಚ್ಚಬೇಡಿ ಎಂದು ಹೇಳಿ ಹೋದಳು. ಮೇಲ್ವಿಚಾರಕ ಪರೀಕ್ಷಕರ ಚೀಟಿ ತಂದುಕೊಟ್ಟ. ಎರಡೇ ಸಾಲು: 'ಸ್ವರ ಒಂದು ಕಡೆ ತಪ್ಪಿದೆ. ಧ್ವನಿ ತೆರೆದಿದೆ.'

ಅಪ್ಪ ಚೀಟಿಯನ್ನು ಇಸಿದುಕೊಂಡು ಓದಿದ. ಮತ್ತೊಮ್ಮೆ ಓದಿದ. ಅವನು ಕುಣಿಯುತ್ತಾನೆ ಎಂದುಕೊಂಡಿದ್ದಳು, ಕುಣಿಯಲಿಲ್ಲ. ಬಸ್ಸಿನಲ್ಲಿ ಚೆಲ್ಲೊವನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ನಾಲ್ಕು ನಿಲ್ದಾಣ ದಾಟುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಅವಳ ಸಿಟ್ಟು ಎಲ್ಲೋ ಇಳಿದು ಹೋಗಿತ್ತು, ಆದರೆ ಮಾತು ಶುರು ಮಾಡಲು ನಾಚಿಕೆ.

"ಹೋದ ವರ್ಷ 'ಬಿಗಿ' ಅಂತ ಬರೆದಿದ್ರಲ್ಲ," ಎಂದ ಕಡೆಗೆ. "ಬಿಗಿ ಅಂದ್ರೆ ಏನು?"

"ಮಂಡಿಯಲ್ಲಿ ಗಟ್ಟಿಯಾಗಿ ಅಮುಕಿ ಹಿಡ್ಕೊಂಡ್ರೆ ಮರ ಅದುರಲ್ಲ ಅಪ್ಪ. ದನಿ ಒಳಗೇ ಉಳಿದುಬಿಡತ್ತೆ. ನಂಗೂ ಇವತ್ತೇ ಗೊತ್ತಾಗಿದ್ದು."

"ಯಾಕೆ ಅಮುಕಿ ಹಿಡ್ಕೊಳ್ತಿದ್ದೆ?"

ಅವಳು ಚೆಲ್ಲೊದ ಬುಡವನ್ನು, ಮೊನೆ ಇರುವ ಕಡೆ, ಬೆರಳಿನಿಂದ ತೋರಿಸಿದಳು. ಮೇಸ್ತ್ರಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಬಸ್ಸು ಇಳಿದ ಮೇಲೆ, ನಡೆಯುತ್ತ, "ಒಂಬತ್ತು ವರ್ಷ ನಿನ್ನ ಕತ್ತು ಹಿಸುಕಿದವನು ನಾನೇ ಹಾಗಾದ್ರೆ," ಎಂದ. ಅವಳು ಅವನ ಚೀಲ ಇಸಿದುಕೊಂಡು ತಾನೇ ಹೊತ್ತಳು.

ಮನೆಯ ಬಾಗಿಲಲ್ಲಿ ಅಮ್ಮ ಮುಖ ನೋಡಿಯೇ ಸುದ್ದಿ ತಿಳಿದುಕೊಂಡು ಕಣ್ಣೊರೆಸಿಕೊಂಡಳು. ಮೇಸ್ತ್ರಿ ಬುಟ್ಟಿಯ ಕಡೆ ನೋಡಲಿಲ್ಲ. ಬಟ್ಟೆಯ ತುಂಡಿಲ್ಲದೆ, ಬರಿಗಾಲಲ್ಲಿ, ಕಾಲೆತ್ತಿ ನಡೆದುಕೊಂಡು ನಡುಮನೆಗೆ ಹೋದ. ಅಮ್ಮ ಬೆರಗಾಗಿ ಗೋಡೆ ಹಿಡಿದಳು.

"ಕೂತ್ಕೋ," ಎಂದ ಮಗಳಿಗೆ.

ಅವಳು ಕೂತಳು. ಅವನು ಕುರ್ಚಿಯ ಮುಂಗಾಲಿನಿಂದ ಎರಡು ಗೇಣು, ನಾಲ್ಕು ಬೆರಳು ಅಳೆದು ಬೈರಿಗೆ ಇಟ್ಟ.

"ರೀ," ಎಂದಳು ಅಮ್ಮ, "ಅದು ನಮ್ಮ ನೆಲ ಕಣ್ರೀ."

"ಗೊತ್ತು ಕಣೇ," ಎಂದ. ತಿರುಗಿಸಿದ. ಮರದ ಸುರುಳಿಯನ್ನು ಎತ್ತಿ ಅಂಗಿಯ ಜೇಬಿಗೆ, ಆ ಚೀಟಿಯ ಜೊತೆಗೆ ಇಟ್ಟುಕೊಂಡ. ಆಮೇಲೆ ಕುರ್ಚಿಯ ನಾಲ್ಕೂ ಕಾಲುಚೀಲ ಬಿಚ್ಚಿದ.

ಅವಳು ಮೊನೆ ಇಳಿಸಿ, ಕಾಲು ಹಿಂದೆ ತೆಗೆದು, ಎಲ್ಲಕ್ಕಿಂತ ಕೆಳಗಿನ ಸ್ವರವನ್ನು ಎಳೆದಳು, ಕಮಾನಿನ ಬುಡದಿಂದ ತುದಿಯವರೆಗೆ. ಫ್ರಿಜ್ಜಿನ ಮೇಲಿನ ಲೋಟಗಳು ಕಿಣಿಗುಟ್ಟಿದವು. ಅಪ್ಪ ತನ್ನ ಬರಿಗಾಲುಗಳನ್ನೇ ನೋಡುತ್ತ ನಿಂತಿದ್ದ.

"ಇಲ್ಲಿ ಬಾರೇ," ಎಂದ ಹೆಂಡತಿಗೆ. "ಕಾಲಡಿಯ ಬಟ್ಟೆ ತೆಗೆದು ಬರಿಗಾಲಲ್ಲಿ ನಿಂತ್ಕೋ. ಅಂಗಾಲಿಗೆ ಬರತ್ತೆ ನೋಡು."

ಆಕೆ ಬಂದು ನಿಂತಳು. ಮಗಳು ಇನ್ನೊಮ್ಮೆ ಎಳೆದಳು.

ಆಗ ಕೆಳಗಿನಿಂದ ಬಂತು ನೋಡಿ: ಧಡ್, ಧಡ್, ಧಡ್. ಪೊರಕೆಯ ಕೋಲು. ವಾಚ್ ರಿಪೇರಿ ತಾತನ ಎರಡನೇ ನಿದ್ದೆ ಮುರಿದಿತ್ತು. ಹಿಂದೆಯೇ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಈ ಮನೆಯ ವಾದ್ಯಕ್ಕೆ ಬೈಗುಳವೂ ಬಂತು.

ಹುಡುಗಿ ಕಮಾನು ಎತ್ತಿ ಅಪ್ಪನನ್ನು ನೋಡಿದಳು. ಅವನ ಗಲ್ಲದ ಮೇಲೆ ನೀರು ಇಳಿದು, ಅವನೇ ಮೇಣ ಹಚ್ಚಿದ ನೆಲದ ಮೇಲೆ ಬೀಳುತ್ತಿತ್ತು, ಅದನ್ನು ಒರೆಸುವ ಯೋಚನೆಯೂ ಅವನಿಗಿರಲಿಲ್ಲ.

"ಕೇಳಿಸ್ತಂತೆ," ಎಂದ. "ಇನ್ನೊಂದ್ಸಲ ನುಡಿಸು."